ಮೂರು ಕೊಟೇಶನ್ನಿನ ಇಂದುಶೇಖರರು

ಇಂದುಶೇಖರರ ಮನೆಗೆ ಪ್ರೆಶರ್ ಕುಕ್ಕರ್ ಬರುವುದಕ್ಕೆ ಹನ್ನೊಂದು ದಿನ ಹಿಡಿದಿತ್ತು. ಮಗ ಅಭಿಷೇಕನ ಮದುವೆಗೆ ಅಡುಗೆಯವರನ್ನು ಗೊತ್ತು ಮಾಡುವುದಕ್ಕೆ ಎರಡು ತಿಂಗಳು. ಮೂವರು ಅಡುಗೆಯವರಿಂದ ಬರವಣಿಗೆಯಲ್ಲಿ ದರ ತರಿಸಿ, ಕೋಷ್ಟಕ ಹಾಕಿ, ಎಲ್ಲರಿಗಿಂತ ಕಡಿಮೆ ಹೇಳಿದವನಿಗೆ ವೀಳ್ಯ ಕೊಟ್ಟಿದ್ದರು. ಆ ಮದುವೆಯ ಹುಳಿಯನ್ನು ದೆಹಲಿಯ ಕನ್ನಡಿಗರು ಇವತ್ತಿಗೂ ಮರೆತಿಲ್ಲ. ಅದರಲ್ಲಿ ಹೋಳು ಹುಡುಕಲು ಹೋದವರು ಬರಿಗೈಯಲ್ಲಿ ಎದ್ದು ಬಂದಿದ್ದರು.

ಹಾಗಾಗಿ ಜೂನ್ ತಿಂಗಳ ಒಂದು ಬೆಳಿಗ್ಗೆ ಸೊಸೆ ಸಿಂಧೂರ "ಮಾವ, ಮನೆಗೊಂದು ಕಲರ್ ಪ್ರಿಂಟರ್ ತಗೋಬೇಕು" ಎಂದಾಗ ಶಾರದಮ್ಮ ಕಾಫಿ ಲೋಟ ಕೆಳಗಿಟ್ಟು ಸೊಸೆಯ ಮುಖ ನೋಡಿದರು. ನನ್ನ ಗಂಡನೆದುರು ಯಾವ ಮಾತನ್ನು ಆಡಬಾರದಿತ್ತೋ ಅದನ್ನೇ ಆಡಿದೆಯಲ್ಲ ತಾಯಿ, ಎನ್ನುವ ನೋಟ.

ಸಿಂಧೂರಳದೂ ತಪ್ಪಿಲ್ಲ. ಘಾಜಿಯಾಬಾದಿನ ಆ ಆರನೇ ಮಹಡಿಯ ಫ್ಲ್ಯಾಟಿನಲ್ಲಿ ಬೇಸಿಗೆ ರಜೆ ಎಂದರೆ ಏಳನೇ ಕ್ಲಾಸಿನ ಪ್ರಕೃತಿಯ ಹಾಲಿಡೇ ಹೋಮ್‌ವರ್ಕ್. ಒಂದು ಸಲ ಕೋಟೆಗಳ ಚಿತ್ರ, ಇನ್ನೊಂದು ಸಲ ಹೃದಯದ ಚಿತ್ರ, ಎಲ್ಲವೂ ಬಣ್ಣದಲ್ಲೇ ಆಗಬೇಕು. ಕೆಳಗಿನ ಫೋಟೋಸ್ಟಾಟ್ ಅಂಗಡಿಯವನ ಯಂತ್ರದಲ್ಲಿ ಕೆಂಪು ಬರುತ್ತಿರಲಿಲ್ಲ. ಹೃದಯ ನೇರಳೆಯಾಗಿ ಬಂದಿತ್ತು, ಬದನೆಕಾಯಿಯ ಹಾಗೆ.

"ಫೋನಲ್ಲಿ ಎರಡು ನಿಮಿಷ ಮಾವ. ನಾಳೆ ಬಂದ್ಬಿಡತ್ತೆ" ಎಂದಳು ಸಿಂಧೂರ.

"ಫೋನಲ್ಲಿ ಕಾಣೋದು ಒಬ್ಬನ ದರ. ಇನ್ನಿಬ್ಬರು ಎಲ್ಲಿ?"

"ಅಜ್ಜಾ, ಪ್ಲೀಸ್ ನಾ! ಮಂಡೇ ಸಬ್‌ಮಿಟ್ ಕರ್ನಾ ಹೈ" ಎಂದು ಪ್ರಕೃತಿ ಕುತ್ತಿಗೆಗೆ ಜೋತುಬಿದ್ದಳು.

"ನಾಳೆ ನಾನೇ ನೆಹರು ಪ್ಲೇಸಿಗೆ ಹೋಗ್ತೀನಿ ಪುಟ್ಟಿ. ಮೂರು ಕೊಟೇಶನ್ ತರ್ತೀನಿ. ಪದ್ಧತಿ ಪ್ರಕಾರ ಆಗ್ಲಿ."

"ಚಲೋ, ಗಯಾ ಮೇರಾ ಪ್ರಾಜೆಕ್ಟ್. ಹೋಯ್ತು" ಎಂದು ಹುಡುಗಿ ಕೈ ಬಿಟ್ಟಳು.

ಇಂದುಶೇಖರರು ಕೇಂದ್ರ ಸರ್ಕಾರದ ಒಂದು ಮಂತ್ರಾಲಯದ ಸಾಮಾನ್ಯ ವಿಭಾಗದಲ್ಲಿ ಹದಿನೆಂಟು ವರ್ಷ ಖರೀದಿಯ ಸೀಟಿನಲ್ಲಿ ಕೂತವರು. ಟವೆಲ್ಲು, ಸ್ಟೀಲ್ ಲೋಟ, ಏರ್‌ಕೂಲರಿಗೆ ತುಂಬುವ ಹುಲ್ಲು, ಕಂಪ್ಯೂಟರು, ಪ್ರಿಂಟರು, ಯಾವುದಕ್ಕೇ ಆಗಲಿ ಅವರ ಮೇಜಿನ ಮೇಲೆ ಮೂರು ಅಂಗಡಿಗಳ ಮೂರು ಕೊಟೇಶನ್ ಬಂದು ಕೂರಬೇಕು. ಅವರು ಸ್ಕೇಲಿಟ್ಟು ಗೆರೆ ಎಳೆದು ಮೂರನ್ನೂ ಅಕ್ಕಪಕ್ಕ ಬರೆಯಬೇಕು. ಕಡಿಮೆ ದರದವನ ಹೆಸರಿನ ಕೆಳಗೆ ಇನ್ನೊಂದು ಗೆರೆ ಬೀಳಬೇಕು. ಆಮೇಲೇ ಮಂತ್ರಾಲಯದ ಬಾಯಾರಿಕೆಗೆ ಲೋಟ. ದೀಪಾವಳಿಗೆ ಸೆಕ್ಷನ್ನಿನವರೆಲ್ಲ ಅಂಗಡಿಯವರು ಕೊಟ್ಟ ಗೋಡಂಬಿ ದ್ರಾಕ್ಷಿಯ ಪೆಟ್ಟಿಗೆ ಹೊತ್ತು ಮನೆಗೆ ಹೋಗುವಾಗ ಇವರು ಖಾಲಿ ಟಿಫಿನ್ ಡಬ್ಬಿ ಅಲ್ಲಾಡಿಸಿಕೊಂಡು ಬಸ್ಸು ಹಿಡಿಯುತ್ತಿದ್ದರು. ಅವರ ಮೇಜಿಗೆ ಯಾರಿಂದಲೂ ಒಂದು ಕಪ್ ಚಹಾ ಸಹ ಬರುವಂತಿರಲಿಲ್ಲ.

ಎಂಟು ವರ್ಷದ ಹಿಂದೆ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ಬರುವಾಗ ಅವರು ಕಟ್ಟಿಕೊಂಡು ಬಂದ ಆಸ್ತಿ ಅದೊಂದೇ: 'ಈ ಕೈಯಿಂದ ಒಂದು ತಪ್ಪು ಖರೀದಿ ಆಗಿಲ್ಲ' ಎನ್ನುವ ಮಾತು. ಅಂಗಡಿಯವನು ಒಳ್ಳೆಯ ಮಾಲನ್ನು ಗಾಜಿನ ಕಪಾಟಿನಲ್ಲಿ ಎದುರಿಗೇ ಇಡುವ ಹಾಗೆ ಅದನ್ನು ಬಂದವರಿಗೆಲ್ಲ ಕಾಣುವಂತೆ ಇಟ್ಟಿದ್ದರು. ಕೊಳ್ಳುವವರು ಯಾರೂ ಇರಲಿಲ್ಲ, ಅದು ಬೇರೆ ಮಾತು. ಅವರಿಗೆ ಮಾತ್ರ ಅದು ಬೇಕಿತ್ತು. ಏಕೆಂದರೆ ಆ ಮಾತು ಸುಳ್ಳಾದರೆ ಸುದರ್ಶನ್ ವಿಷಯದಲ್ಲಿ ಹೇಳಿಕೊಳ್ಳುವುದಕ್ಕೆ ಅವರ ಬಳಿ ಏನೂ ಉಳಿಯುತ್ತಿರಲಿಲ್ಲ.

ಸುದರ್ಶನ್ ಅದೇ ಸೆಕ್ಷನ್ನಿನಲ್ಲಿದ್ದ ಗೆಳೆಯ. ಆರ್.ಕೆ. ಪುರಂನಲ್ಲಿ ಪಕ್ಕದ ಕ್ವಾರ್ಟರ್ಸು. ಇಪ್ಪತ್ತು ವರ್ಷ ಒಂದೇ ಮೇಜಿನ ಮೇಲೆ ಇಬ್ಬರ ಮೊಸರನ್ನವೂ ಹಂಚಿಕೆಯಾಗಿತ್ತು. ಹದಿನೇಳು ವರ್ಷದ ಹಿಂದೆ ವಿದೇಶದ ಅತಿಥಿಗಳ ಸಮ್ಮೇಳನದ ಹಿಂದಿನ ಸಂಜೆ ಆಫೀಸಿನ ಕಲರ್ ಪ್ರಿಂಟರ್ ಕೈಕೊಟ್ಟಿತು. ಬೆಳಗಾದರೆ ಇನ್ನೂರು ಪ್ರತಿ ಬೇಕು. ಸುದರ್ಶನ್ ತನಗೆ ಗೊತ್ತಿದ್ದ ಒಂದು ಅಂಗಡಿಗೆ ಓಡಿ, ಒಳ್ಳೆಯದೊಂದು ಪ್ರಿಂಟರನ್ನು ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದ. ಸಮ್ಮೇಳನ ನಡೆಯಿತು. ಮುಂದಿನ ವಾರ ಬಿಲ್ಲು ಇಂದುಶೇಖರರ ಮೇಜಿಗೆ ಬಂತು. ಇಂದುಶೇಖರರು ಬರೆದರು: 'ಮೂರು ಕೊಟೇಶನ್ ಇಲ್ಲ. ಒಂದೇ ಅಂಗಡಿಯಿಂದ ಖರೀದಿ. ನಿಯಮಕ್ಕೆ ವಿರುದ್ಧ.'

ಅಷ್ಟು ಬರೆದದ್ದಕ್ಕೆ ಎರಡು ವರ್ಷ ವಿಚಾರಣೆ ನಡೆಯಿತು. ಸುದರ್ಶನನಿಗೆ ಬರಬೇಕಿದ್ದ ಬಡ್ತಿ ಅವನ ಹಿಂದಿದ್ದವನಿಗೆ ಹೋಯಿತು. ಅವನು ಕೂತ ಕುರ್ಚಿಯಲ್ಲೇ ನಿವೃತ್ತನಾದ. ಅವನು ತಂದ ಪ್ರಿಂಟರು ಮಾತ್ರ ಒಂಬತ್ತು ವರ್ಷ ಕೆಮ್ಮದೆ ಕೆಲಸ ಮಾಡಿತು. ಇಂದುಶೇಖರರು ಮೂರು ಕೊಟೇಶನ್ ಹಾಕಿ ತಂದವು ಒಂದೂವರೆ ವರ್ಷಕ್ಕೆ ಮಲಗುತ್ತಿದ್ದವು. ಸೆಕ್ಷನ್ನಿನವರು ನಕ್ಕರೆ ಅವರು "ಪ್ರಿಂಟರ್ ಚೆನ್ನಾಗಿರೋದು ಬೇರೆ, ಕೊಂಡದ್ದು ಸರಿಯಾಗಿರೋದು ಬೇರೆ" ಎನ್ನುತ್ತಿದ್ದರು. ಈ ಮಾತನ್ನು ಎಷ್ಟು ಸಲ ಹೇಳಿದ್ದರೆಂದರೆ, ಅದು ನಿಜವೋ ಎಂದು ನೋಡುವ ಅಭ್ಯಾಸ ಬಿಟ್ಟುಹೋಗಿತ್ತು.

ಮಾರನೆಯ ದಿನ ಮೆಟ್ರೋ ಹಿಡಿದು, ಮಂಡಿ ಹೌಸಿನಲ್ಲಿ ಬದಲಾಯಿಸಿ, ಕಂಪ್ಯೂಟರ್ ಅಂಗಡಿಗಳೇ ತುಂಬಿದ ನೆಹರು ಪ್ಲೇಸಿನಲ್ಲಿ ಇಳಿದಾಗ ಹನ್ನೊಂದು ಗಂಟೆ. ನೆಲ ಕಾದ ಹೆಂಚಾಗಿತ್ತು. 'ಅಂಕಲ್‌ಜೀ ಪ್ರಿಂಟರ್, ಅಂಕಲ್‌ಜೀ ಲ್ಯಾಪ್‌ಟಾಪ್' ಎಂದು ತೋಳು ಹಿಡಿದವರನ್ನೆಲ್ಲ ಕೊಡವಿಕೊಂಡು, ತಣ್ಣಗೆ ಏಸಿ ಇದ್ದ ಒಂದು ಅಂಗಡಿ ಹೊಕ್ಕರು. ಹೆಸರು ನವಜ್ಯೋತಿ ಕಂಪ್ಯೂಟರ್ಸ್. ಮಾಲೀಕ ಕಿಶನ್, ನಲವತ್ತರ ಆಸುಪಾಸಿನ, ನಗುವನ್ನು ಬಂಡವಾಳದ ಲೆಕ್ಕಕ್ಕೇ ಸೇರಿಸಿದ ಮನುಷ್ಯ. ಹಿಂದಿಯಲ್ಲೇ ಮಾತು.

"ಮನೆಗಾ ಅಂಕಲ್‌ಜೀ? ಹಾಗಾದ್ರೆ ನಾನು ಹೇಳಿದ್ದು ಕೇಳಿ. ಈ ಕಾರ್ಟ್ರಿಜ್‌ದು ನೋಡೋಕೆ ಅಗ್ಗ, ಶಾಯಿಯಲ್ಲಿ ಜೀವ ತಿನ್ನತ್ತೆ. ಹದಿನೈದು ದಿನ ಸುಮ್ನೆ ಬಿಟ್ರೆ ಒಣಗಿ ಕೂರತ್ತೆ. ಆ ಲೇಸರ್ ಮದುವೆ ಮಾಡಿದಷ್ಟು ಖರ್ಚು, ಮನೆಗೆ ಬೇಡ. ಮೊಮ್ಮಕ್ಕಳ ಹೋಮ್‌ವರ್ಕ್ ತಾನೇ? ಇಂಕ್ ಟ್ಯಾಂಕಿಂದು ತಗೊಳ್ಳಿ. ಬಾಟ್ಲಿಯಿಂದ ಶಾಯಿ ಸುರಿದ್ರೆ ಆಯ್ತು, ವರ್ಷ ನಡೆಯತ್ತೆ."

"ಲೆಟರ್‌ಹೆಡ್ಡಿನಲ್ಲಿ ಕೊಟೇಶನ್ ಕೊಡಿ" ಎಂದರು ಇಂದುಶೇಖರರು. "ಇನ್ನೆರಡು ಅಂಗಡಿಯಲ್ಲೂ ತಗೋಬೇಕು."

ಕಿಶನ್ ಕೈಯಲ್ಲಿದ್ದ ಶಾಯಿಯ ಬಾಟಲಿ ಕೆಳಗಿಟ್ಟು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಸರ್ಕಾರಿನಾ?"

"ರಿಟೈರ್ಡ್."

"ಅಚ್ಛಾ! ಮೊದಲೇ ಹೇಳಬಾರದಾ? ಕೂತ್ಕೊಳ್ಳಿ. ಈ ಬಿಸಿಲಲ್ಲಿ ಯಾಕೆ ಮೆಟ್ಟಿಲು ಹತ್ತಿ ಇಳಿತೀರಿ? ಮೂರೂ ಇಲ್ಲೇ ಆಗತ್ತೆ."

ಕೀಬೋರ್ಡಿನ ಮೇಲೆ ಬೆರಳಾಡಿತು. ಅವನ ಹಿಂದಿದ್ದ ಪ್ರಿಂಟರಿನಿಂದ ಒಂದರ ಹಿಂದೊಂದು ಮೂರು ಹಾಳೆ ಹೊರಬಂದವು. ಒಂದರ ತಲೆಯಲ್ಲಿ ನೀಲಿ ಜ್ಯೋತಿ, ಇನ್ನೊಂದರಲ್ಲಿ ಹಸಿರು ಗಣಪತಿ, ಮತ್ತೊಂದರಲ್ಲಿ ಮೂರು ಕೆಂಪು ಅಲೆ. ಬಣ್ಣ ಒಳ್ಳೆಯದಾಗಿತ್ತು. ಕಿಶನ್ ಡ್ರಾಯರ್ ಎಳೆದು ಮೂರು ರಬ್ಬರ್ ಸ್ಟ್ಯಾಂಪು, ಮೂರು ಪೆನ್ನು ತೆಗೆದ.

"ಹೇಳಿ ಅಂಕಲ್‌ಜೀ, ಯಾರನ್ನ ಗೆಲ್ಲಿಸಲಿ?"

ಇಂದುಶೇಖರರು ಕೆಂಪು ಅಲೆಗಳನ್ನು ನೋಡುತ್ತಿದ್ದರು. ತ್ರಿವೇಣಿ ಆಫೀಸ್ ಸಿಸ್ಟಮ್ಸ್. ಹದಿನೆಂಟು ವರ್ಷ ಅವರ ಕೋಷ್ಟಕದ ಎರಡನೇ ಸಾಲಿನಲ್ಲಿ ಕೂತಿದ್ದ ಹೆಸರು. ಪಾಪ, ಇನ್ನೊಂದು ಸ್ವಲ್ಪ ಇಳಿಸಿದ್ದರೆ ಇವರಿಗೇ ಸಿಗುತ್ತಿತ್ತಲ್ಲ ಎಂದು ಎಷ್ಟೋ ಸಲ ಮರುಗಿದ್ದರು.

"ಈ ತ್ರಿವೇಣಿಯವರ ಅಂಗಡಿ ಎಲ್ಲಿ?" ಎಂದರು.

"ಈ ಡ್ರಾಯರಲ್ಲಿ" ಎಂದು ಕಿಶನ್ ಗೊಳ್ಳೆಂದು ನಕ್ಕ. "ನಮ್ಮಪ್ಪ ಶುರು ಮಾಡಿದ ಕಂಪನಿ. ಹುಟ್ಟಿದಾಗಿಂದ ಒಂದು ಪಿನ್ನೂ ಮಾರಿಲ್ಲ. ಸೋಲೋದೇ ಅದರ ಕೆಲಸ. ಗೆಲ್ಲೋದಕ್ಕೆ ಚಾಚಾಜೀ, ನಮ್ಮ ಚಿಕ್ಕಪ್ಪಂದು ಒಂದಿತ್ತು, ಮಯೂರ್ ಟ್ರೇಡರ್ಸ್ ಅಂತ."

ಮಯೂರ್ ಟ್ರೇಡರ್ಸ್ ಹೆಸರಿನ ಕೆಳಗೆ ತಾವು ಎಷ್ಟು ಗೆರೆ ಎಳೆದಿದ್ದರೋ ಇಂದುಶೇಖರರಿಗೇ ನೆನಪಿರಲಿಲ್ಲ.

"ಆಫೀಸಿನವರಿಗೆ ಇದು ಗೊತ್ತಾಗ್ತಿರಲಿಲ್ವಾ?"

"ಗೊತ್ತಾಗದೆ! ಮೇಲಿನವರಿಗೆ ಅವರ ಪಾಲು ಹೋಗ್ತಿತ್ತು. ಒಂದು ಆಫೀಸಲ್ಲಿ ಒಬ್ಬ ಮದ್ರಾಸಿ ಬಾಬು ಇದ್ದರಂತೆ. ಚಹಾನೂ ಮುಟ್ಟದೋರು. ನಮ್ಮಪ್ಪ ಅವರ ಹೆಸರೆತ್ತಿದ್ರೆ ಕೈ ಮುಗೀತಿದ್ರು. ಅಂಥೋರು ಒಬ್ಬರಿದ್ದರೆ ಸಾಕು ಮಗನೇ, ಅನ್ನೋರು. ಮೂರು ಕಾಗದ ಇಲ್ಲದೆ ಒಳಗೆ ಬಿಡಲ್ಲ, ಹೊರಗಿನ ಒಬ್ಬಂಟಿ ಅಂಗಡಿಯವನು ನುಗ್ಗೋ ಹಾಗೇ ಇಲ್ಲ. ಸಂಬಳ ಇಲ್ಲದ ಚೌಕೀದಾರ! ಅರೇ, ಎದ್ದಿರಾ? ಚಾಯ್ ಬರ್ತಾ ಇದೆ, ಅಂಕಲ್‌ಜೀ!"

ಮೂರು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಇಂದುಶೇಖರರು ಹೊರಗೆ ಬಂದಿದ್ದರು.

ಮಂಡಿ ಹೌಸಿನ ಪ್ಲ್ಯಾಟ್‌ಫಾರ್ಮಿನಲ್ಲಿ ಮನೆ ಕಡೆಯ ಎರಡು ರೈಲು ಬಿಟ್ಟರು. ಮೂರನೆಯದು ಬರುವ ಹೊತ್ತಿಗೆ ಎದುರಿನ ಪ್ಲ್ಯಾಟ್‌ಫಾರ್ಮಿಗೆ ಹೋಗಿ ಜನಕಪುರಿಯ ಕಡೆಯದನ್ನು ಹತ್ತಿದರು. ಸುದರ್ಶನನ ಮನೆಗೆ ಹೋಗುವುದು ಹದಿನೇಳು ವರ್ಷದಲ್ಲಿ ಇದೇ ಮೊದಲು. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡರು: ನನಗೆ ಗೊತ್ತಿರಲಿಲ್ಲ ಕಣೋ. ಅಷ್ಟು ಹೇಳಿದರೆ ಸಾಕು. ಗೊತ್ತಿಲ್ಲದವನ ಮೇಲೆ ಯಾರು ತಾನೆ ಎಷ್ಟು ಕೋಪ ಮಾಡಿಕೊಳ್ಳುತ್ತಾರೆ?

ಕೆಳಮಹಡಿಯ ಮನೆ. ಬಾಗಿಲು ತೆಗೆದವರು ಸುದರ್ಶನನ ಹೆಂಡತಿ ವೈಜಯಂತಿ. ಗುರುತು ಹಿಡಿಯಲು ಅರೆಗಳಿಗೆ ಬೇಕಾಯಿತು. ಹಿಡಿದ ಮೇಲೆ ಮುಖದಲ್ಲಿದ್ದ ಅಷ್ಟಿಷ್ಟು ನಗುವೂ ಹೋಯಿತು. ಒಳಗೆ ಕೂರಿಸಿ ನೀರು ತಂದಿಟ್ಟರು.

ಸುದರ್ಶನ್ ಕೋಣೆಯಿಂದ ಬಂದ. ಒಂದು ಕಾಲದಲ್ಲಿ 'ಲೋ ಶೇಖರ' ಎಂದು ಕಾರಿಡಾರಿನ ಆ ತುದಿಯಿಂದ ಕೂಗುತ್ತಿದ್ದವನು.

"ಬನ್ನಿ ಇಂದುಶೇಖರ್ ಅವರೇ. ಯಾರು ಹೋದ್ರು?"

"ಯಾರೂ ಹೋಗಿಲ್ಲ."

"ಹಳೇ ಆಫೀಸಿನವರು ಬಂದರೆ ಸಾವಿನ ಸುದ್ದಿಗೇ ಬರೋದು. ಅದಕ್ಕೆ ಕೇಳಿದೆ."

ಇಂದುಶೇಖರರು ಮೂರು ಹಾಳೆ ಬಿಡಿಸಿ ಟೀಪಾಯಿಯ ಮೇಲಿಟ್ಟರು. ಸುದರ್ಶನ್ ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದ. ಕೆಂಪು ಅಲೆಗಳ ಹಾಳೆಗೆ ಬಂದಾಗ ತುಟಿ ಸೊಟ್ಟಗಾಯಿತು.

"ತ್ರಿವೇಣಿಯವರು ಇನ್ನೂ ಸೋಲ್ತಾನೇ ಇದಾರಾ?"

"ನಿನಗೆ... ನಿಮಗೆ ಗೊತ್ತಿತ್ತಾ?"

"ಫೈಲು ಹೊರೋ ಪ್ಯೂನ್‌ಗೂ ಗೊತ್ತಿತ್ತು."

ಬಾಯಿಪಾಠ ಮಾಡಿದ ವಾಕ್ಯ ಇಷ್ಟು ಬೇಗ ಉಪಯೋಗಕ್ಕೆ ಬಂತಲ್ಲ ಎಂದು ಇಂದುಶೇಖರರು ಮುಂದೆ ಬಾಗಿದರು. "ಆಣೆ ಮಾಡಿ ಹೇಳ್ತೀನಿ, ನನಗೆ ಗೊತ್ತಿರಲಿಲ್ಲ ಕಣೋ. ಗೊತ್ತಿದ್ದಿದ್ರೆ ಹಾಗೆ ಬರೀತಿದ್ನಾ? ನೀನಾದ್ರೂ ಯಾಕೋ ನನಗೆ ಒಂದು ಮಾತು ಹೇಳಲಿಲ್ಲ?"

"ಹೇಳಿದ್ದೆ" ಎಂದ ಸುದರ್ಶನ್, ಹಾಳೆಗಳನ್ನು ಅಂಚು ಸರಿಮಾಡಿ ಜೋಡಿಸುತ್ತ. "ವಿಚಾರಣೆಗೆ ಕೊಟ್ಟ ಉತ್ತರದಲ್ಲಿ ಬರೆದಿದ್ದೆ. ಎರಡನೇ ಪುಟ. ತ್ರಿವೇಣಿ, ಮಯೂರ್ ಎರಡೂ ಒಂದೇ ಮನೆಯವರದು, ವಿಳಾಸ ಹೋಗಿ ನೋಡಿ ಅಂತ. ಆ ಉತ್ತರ ಮೇಲೆ ಹೋಗೋ ಮುಂಚೆ ನಿಮ್ಮ ಮೇಜಿಗೇ ಬಂತು. ನೀವು ಪಕ್ಕದಲ್ಲಿ ಷರಾ ಬರೆದ್ರಿ. 'ಆರೋಪಕ್ಕೆ ಸಂಬಂಧವಿಲ್ಲ.'"

ಇಂದುಶೇಖರರು ನೀರಿನ ಲೋಟ ಎತ್ತಿಕೊಂಡರು, ಕುಡಿಯಲಿಲ್ಲ. ಆ ಪುಟ ಅವರಿಗೆ ಕಂಡಿತು. ಷರಾ ಬರೆಯುವ ಮೊದಲು ಕಿಟಕಿಯ ಕಡೆ ಒಂದು ನಿಮಿಷ ನೋಡಿದ್ದು ಕಂಡಿತು. ವಿಳಾಸ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ಎಂದು ಮನಸ್ಸು ಲೆಕ್ಕ ಹಾಕಿದ್ದು, ಹೋಗಿ ನೋಡಿದರೆ ಏನು ಸಿಗಬಹುದು ಎಂದು ಹೆದರಿ ಹೋಗದೆ ಉಳಿದದ್ದು, ಆಮೇಲೆ ಪೆನ್ನಿನ ಮುಚ್ಚಳ ತೆಗೆದದ್ದು. ಯಾವುದೂ ಮರೆತಿರಲಿಲ್ಲ. ಇಷ್ಟು ದಿನ ಅದರ ಮುಂದೆ ಗಾಜಿನ ಕಪಾಟು ನಿಲ್ಲಿಸಿದ್ದರು, ಅಷ್ಟೇ.

"ತಪ್ಪಾಯ್ತು" ಎಂದರು ಲೋಟವನ್ನು ಕೆಳಗಿಟ್ಟು.

"ಬರೆದು ಕೊಡ್ತೀರಾ?" ಎಂದ ಸುದರ್ಶನ್.

ಇಂದುಶೇಖರರು ತಲೆಯೆತ್ತಿದರು. ತಮಾಷೆಯೇನೋ ಎಂದುಕೊಂಡಿದ್ದರು. ಅಲ್ಲ.

ಇದುವರೆಗೆ ಬಾಗಿಲ ಬಳಿ ನಿಂತಿದ್ದ ವೈಜಯಂತಿ ಮಾತಾಡಿದರು. "ಬಡ್ತಿ ವಾಪಸ್ ಬರಲಿ ಅಂತ ಅಲ್ಲ. ಹದಿನೇಳು ವರ್ಷದಿಂದ ಯಾರ ಮನೆ ಅರಿಶಿನ ಕುಂಕುಮಕ್ಕೆ ಹೋದ್ರೂ ನನ್ನ ಬೆನ್ನ ಹಿಂದೆ ಪಿಸುಪಿಸು. ಪ್ರಿಂಟರಲ್ಲಿ ದುಡ್ಡು ಹೊಡೆದರಂತಲ್ಲ ಅವರ ಯಜಮಾನ್ರು, ಅಂತ. ನನ್ನ ಮಗಳ ಸಂಬಂಧ ಒಂದು ಅದರಿಂದಲೇ ತಪ್ಪಿತು. ಒಂದೇ ಸಾಲು ಸಾಕು. 'ಸುದರ್ಶನ್ ತಪ್ಪು ಮಾಡಿರಲಿಲ್ಲ, ತಪ್ಪು ನನ್ನದು.' ಕೆಳಗೆ ನಿಮ್ಮ ಸಹಿ. ಅದನ್ನ ನಾನು ಎಲ್ಲರಿಗೂ ತೋರಿಸ್ತೀನಿ."

ಸುದರ್ಶನ್ ಟೀಪಾಯಿಯ ಕೆಳಗಿನಿಂದ ಒಂದು ಬಿಳಿ ಹಾಳೆ, ಪೆನ್ನು ತೆಗೆದು ಮುಂದಿಟ್ಟ. ಮೂವತ್ತನಾಲ್ಕು ವರ್ಷ ಬರೆದು ಬದುಕಿದ ಕೈ ತೊಡೆಯ ಮೇಲೇ ಕೂತಿತು. ಎಲ್ಲರಿಗೂ ತೋರಿಸುತ್ತೇನೆ ಎಂದ ಮಾತು ಆ ಕೈಯನ್ನು ಅಲ್ಲೇ ಹಿಡಿದಿತ್ತು.

"ಮನೆಗೆ ಹೋಗಿ ಸರಿಯಾಗಿ ಬರೆದು ಕಳಿಸ್ತೀನಿ" ಎಂದರು.

"ಕಳಿಸಿ, ಕಳಿಸಿ. ಮೂರು ಪ್ರತಿ ಬೇಡ, ಒಂದೇ ಸಾಕು" ಎಂದು ಸುದರ್ಶನ್ ಎದ್ದು ಒಳಗೆ ಹೋದ.

ಮನೆಗೆ ಬಂದು ಹೆಂಡತಿಗೆ ಮಾತ್ರ ಎಲ್ಲವನ್ನೂ ಹೇಳಿದರು. ಶಾರದಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಕೇಳುವಾಗ ನಡುವೆ ಬಾಯಿ ಹಾಕುವವರಲ್ಲ. ಕೊನೆಗೆ "ವೈಜಯಂತಿ ಕೇಳಿದ್ದು ಕೊಟ್ಬಿಡಿ" ಎಂದರು, ಅಷ್ಟೇ.

ಸಿಂಧೂರ "ಕೊಟೇಶನ್ ಏನಾಯ್ತು ಮಾವ?" ಎಂದಾಗ ಇಂದುಶೇಖರರು "ನೀನೇ ತರಿಸಮ್ಮ" ಎಂದರು. ಸೊಸೆ ಗಾಬರಿಯಾಗಿ ಅವರ ಹಣೆ ಮುಟ್ಟಿ ನೋಡುವುದೊಂದು ಬಾಕಿ. ಎರಡು ನಿಮಿಷದಲ್ಲಿ ಆರ್ಡರ್ ಆಯಿತು, ಮಾರನೆಯ ದಿನ ಪ್ರಿಂಟರ್ ಬಂತು. ಇಂಕ್ ಟ್ಯಾಂಕಿನದೇ. ಪ್ರಕೃತಿಯ ಹೃದಯ ಕೆಂಪಾಗಿ, ಕೋಟೆ ಕಲ್ಲಿನ ಬಣ್ಣದಲ್ಲಿ ಅಚ್ಚಾದವು.

ಇಂದುಶೇಖರರು ಸೊಸೆಯ ಹಳೆಯ ಲ್ಯಾಪ್‌ಟಾಪಿನ ಮುಂದೆ ಪತ್ರ ಬರೆಯಲು ಕೂತರು. ಆಫೀಸಿನ ಇಂಗ್ಲಿಷಿನಲ್ಲಲ್ಲದೆ ಬರೆಯುವುದು ಅವರಿಗೆ ಗೊತ್ತಿರಲಿಲ್ಲ. ಮೊದಲ ದಿನದ ಕರಡು ನಾಲ್ಕು ಸಾಲಿತ್ತು, ತಪ್ಪು ನನ್ನದು ಎನ್ನುವುದು ಅದರಲ್ಲಿತ್ತು. ಆದರೆ ಬರಿದಾಗಿ ಕಂಡಿತು. ಎರಡನೆಯ ದಿನ ಅದರ ಹಿಂದೆ 'ಅಂದು ಜಾರಿಯಲ್ಲಿದ್ದ ನಿಯಮಗಳ ಪ್ರಕಾರ' ಎಂದು ಸೇರಿಸಿದರು, ನ್ಯಾಯವಾಗಿಯೇ ಇತ್ತು. ನಿಯಮ ಎಂದ ಮೇಲೆ ಯಾವ ನಿಯಮ ಎಂದು ಹೇಳಬೇಡವೇ? ಮೂರನೆಯ ದಿನ ಅದಕ್ಕೊಂದು ಪುಟ ಹೋಯಿತು. ಮೇಲಧಿಕಾರಿಗಳ ಪಾಲು ಇದ್ದುದರಿಂದ ಅದಕ್ಕೆ ಇನ್ನೊಂದು. ತಾವು ದೀಪಾವಳಿಗೆ ಏನನ್ನೂ ಮುಟ್ಟದ ವಿಷಯ ಓದಿದವರಿಗೂ ತಿಳಿದಿರಲಿ ಎಂದು ಅರ್ಧ ಪುಟ. ವಾರ ಕಳೆಯುವಷ್ಟರಲ್ಲಿ ಪತ್ರ ನಾಲ್ಕು ಪುಟವಾಯಿತು. ನಾಲ್ಕನೆಯ ಪುಟದಲ್ಲಿ, ಎಷ್ಟೇ ತುರ್ತಿದ್ದರೂ ಸುದರ್ಶನ್ ಅವರು ಫೋನಿನಲ್ಲಾದರೂ ಅನುಮತಿ ಪಡೆದಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ ಎಂಬುದನ್ನು ವಿನಯದಿಂದ ಸೂಚಿಸಲಾಗಿತ್ತು.

ಹೊಸ ಪ್ರಿಂಟರಿನಲ್ಲಿ ಅಚ್ಚು ತೆಗೆದು ಓದಿದರು. ತಿದ್ದುವುದಕ್ಕೆ ಒಂದು ಅಲ್ಪವಿರಾಮವೂ ಸಿಗಲಿಲ್ಲ. ಎಷ್ಟೋ ದಿನದ ಮೇಲೆ ಎದೆ ಹಗುರಾಗಿ, ಹೆಂಡತಿಯ ಕೈಗೆ ಕೊಟ್ಟರು.

ಶಾರದಮ್ಮ ನಿಂತೇ ಓದಿದರು. ನಾಲ್ಕನೆಯ ಪುಟ ಮುಗಿಸಿ ಮತ್ತೆ ಮೊದಲನೆಯದಕ್ಕೆ ಬಂದರು. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಕ್ಷಮೆ ಕೇಳಿದ್ದು ಯಾವ ಪುಟದಲ್ಲಿದೆ ರೀ?"

"ಒಟ್ಟು ಭಾವ ಅದೇ ಅಲ್ವೇನೇ?"

"ಅವರು ಭಾವ ಕೇಳಲಿಲ್ಲ. ಒಂದು ಸಾಲು ಕೇಳಿದ್ರು."

"ಒಂದೇ ಸಾಲು ಬರೆದುಕೊಟ್ರೆ, ಅವಳು ಅದನ್ನ ದೆಹಲಿ ತುಂಬ ತೋರಿಸಿಕೊಂಡು ಬರ್ತಾಳೆ. ಹಿಂದುಮುಂದು ಇಲ್ಲದೆ ಓದಿದೋರು ನನ್ನ ಬಗ್ಗೆ ಏನಂದುಕೊಳ್ತಾರೆ?"

"ಹದಿನೇಳು ವರ್ಷ ಅವರ ಬಗ್ಗೆ ಅಂದುಕೊಂಡಿದ್ರಲ್ಲ, ಹಾಗೇ ಅಂದುಕೊಳ್ತಾರೆ."

ಇಂದುಶೇಖರರು ಪತ್ರವನ್ನು ಲಕೋಟೆಗೆ ಹಾಕಿ, ಅಂಟಿಸಿ, ಸ್ಪೀಡ್ ಪೋಸ್ಟಿಗೆ ಹೋಗಿ ಬಂದರು. ರಸೀದಿಯನ್ನು ಫೈಲಿನಲ್ಲಿಟ್ಟರು. ಜನಕಪುರಿಯಿಂದ ಉತ್ತರ ಬರಲಿಲ್ಲ. ಫೋನೂ ಬರಲಿಲ್ಲ.

ಹತ್ತನೆಯ ದಿನ ಅವರು ಪೇಪರ್ ಓದುತ್ತಿದ್ದಾಗ ಶಾರದಮ್ಮ ಒಂದು ಹಾಳೆ ತಂದು ಪೇಪರಿನ ಮೇಲೆ ಇಟ್ಟರು. ಟೀಚರಮ್ಮನ ದುಂಡು ಅಕ್ಷರದಲ್ಲಿ, ಕನ್ನಡದಲ್ಲಿ, ವೈಜಯಂತಿ ಕೇಳಿದ್ದ ಅದೇ ಒಂದು ಸಾಲು. ಕೆಳಗೆ ಜಾಗ ಖಾಲಿ.

"ಸಹಿ ಹಾಕಿ. ನಾನೇ ಹೋಗಿ ಕೊಟ್ಟು ಬರ್ತೀನಿ."

ಇಂದುಶೇಖರರು ಓದಿದರು. ಜೇಬಿನ ಪೆನ್ನಿಗೆ ಕೈ ಹೋಯಿತು, ಅಲ್ಲೇ ನಿಂತಿತು. ಹಾಳೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಪೇಪರನ್ನು ಮತ್ತೆ ಮುಖದ ಮುಂದೆ ಎತ್ತಿ ಹಿಡಿದರು.

"ಇಟ್ಟಿರು. ನೋಡೋಣ" ಎಂದರು.

ಮಂತ್ರಾಲಯದಲ್ಲಿ ಮೂವತ್ತನಾಲ್ಕು ವರ್ಷ ಇದ್ದವರ ಹೆಂಡತಿಗೆ ಆ ಮಾತಿನ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.